ಇಂಗ್ಲಿಷಿನ ಕೊಂಡಿ ಕ್ರಿಯಾಪದ, ಕನ್ನಡದ ಕಿವಿ

ಕೇಳುಗರೆಲ್ಲರಿಗೂ ನಮಸ್ಕಾರ.

'ನನ್ನ ಅಣ್ಣ ಡಾಕ್ಟರು' ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ, ಆ ಭಾಷೆಯನ್ನು ಈಗಷ್ಟೇ ಕಲಿಯತೊಡಗಿರುವ ಕನ್ನಡದ ಮಗು ಎಷ್ಟೋ ಸಲ 'ಮೈ ಬ್ರದರ್ ಡಾಕ್ಟರ್' ಎಂದುಬಿಡುತ್ತದೆ. 'ಈಸ್ ಎಲ್ಲಿ ಹೋಯಿತು?' ಎಂದು ಹೇಳಿಕೊಡುವವರು ಗದರುತ್ತಾರೆ, ಮಗು ಈಸ್ ಸೇರಿಸುತ್ತದೆ. ಆದರೆ ಅದು ಅಲ್ಲಿ ಏಕೆ ಬೇಕು ಎಂಬುದನ್ನು ಯಾರೂ ತಿಳಿಸಿರುವುದಿಲ್ಲ. ತಿಳಿಯದೆ ಸೇರಿಸಿದ್ದರ ಫಲವಾಗಿ ಅದೇ ಮಗು ಮುಂದೆ 'ಐ ಆಮ್ ಅಗ್ರೀ' ಎಂದು, ಬೇಡದ ಕಡೆಯಲ್ಲೂ ಅದನ್ನು ತಂದು ಕೂರಿಸುತ್ತದೆ. ಈ ಸಣ್ಣ ಪದವೂ ಇದರ ಬಳಗವೂ ಮಾಡುವ ಕೆಲಸವನ್ನು ಇಂದು ಕನ್ನಡದ ಕಡೆಯಿಂದ ನೋಡಬೇಕೆಂದಿದ್ದೇನೆ. ಇಂಗ್ಲಿಷ್ ವ್ಯಾಕರಣದಲ್ಲಿ ಇವುಗಳಿಗೆ ಲಿಂಕಿಂಗ್ ವರ್ಬ್ ಎಂದು ಹೆಸರು. ನಾವು ಕೊಂಡಿ ಕ್ರಿಯಾಪದ ಎನ್ನೋಣ.

ಮಗುವಿನದು ಅಜಾಗರೂಕತೆಯ ತಪ್ಪಲ್ಲ. ಕನ್ನಡದಲ್ಲಿ 'ನನ್ನ ಅಣ್ಣ ಡಾಕ್ಟರು' ಎಂಬುದು ಪೂರ್ಣ ವಾಕ್ಯ. ಎರಡು ನಾಮಪದಗಳು ಪಕ್ಕಪಕ್ಕ ನಿಂತರೆ ಸಾಕು, ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಸಂಸ್ಕೃತದಲ್ಲೂ ಹೀಗೆ ಹೇಳಬಹುದು. ಅಂಥ ಕಡೆ 'ಅಸ್ತಿ' ಎಂಬ ಪದವನ್ನು ಬಾಯಿಬಿಟ್ಟು ಆಡದಿದ್ದರೂ ಅದು ಇದೆಯೆಂದೇ ತಿಳಿಯಬೇಕು ಎಂದು ಹಳೆಯ ವೈಯಾಕರಣರು ಹೇಳಿದ್ದಾರೆ. ಇಂಗ್ಲಿಷಿಗೆ ಈ ಸಲಿಗೆ ಇಲ್ಲ. ಕಾಲವನ್ನು ಹೊತ್ತ ಒಂದು ಕ್ರಿಯಾಪದ ಅಲ್ಲಿನ ವಾಕ್ಯದಲ್ಲಿ ಇರಲೇಬೇಕು. ಆದರೆ ಇಲ್ಲಿ ಅಣ್ಣ ಯಾವ ಕ್ರಿಯೆಯನ್ನೂ ಮಾಡುತ್ತಿಲ್ಲ. ಅವನು ಯಾರು ಎಂಬುದನ್ನಷ್ಟೇ ನಾವು ಹೇಳುತ್ತಿದ್ದೇವೆ. ಕ್ರಿಯೆಯೇ ಇಲ್ಲದ ಕಡೆ ಕ್ರಿಯಾಪದದ ಜಾಗವನ್ನು ತುಂಬಿ, ಕಾಲವನ್ನು ಹೊತ್ತು, ಕರ್ತೃವನ್ನು ಅದರ ವಿವರಣೆಗೆ ಸೇರಿಸುವ ಪದವೇ ಈಸ್. 'ಅಗ್ರೀ' ಎಂಬುದು ತಾನೇ ಕ್ರಿಯಾಪದವಾದ್ದರಿಂದ ಅದಕ್ಕೆ ಈ ನೆರವು ಬೇಡ. 'ಐ ಅಗ್ರೀ' ಎಂದರೆ ಮುಗಿಯಿತು.

ಈಸ್ ಕಂಡಲ್ಲೆಲ್ಲ ಕೊಂಡಿ ಎಂದುಕೊಳ್ಳುವಂತೆಯೂ ಇಲ್ಲ. 'ಷೀ ಈಸ್ ಎ ಸಿಂಗರ್', 'ಷೀ ಈಸ್ ಸಿಂಗಿಂಗ್', 'ಷೀ ಈಸ್ ಇನ್ ಮೈಸೂರ್' ಎಂಬ ಮೂರನ್ನೂ ಕನ್ನಡದಲ್ಲಿ ಹೇಳಿ ನೋಡಿ. ಅವಳು ಹಾಡುಗಾರ್ತಿ, ಅವಳು ಹಾಡುತ್ತಿದ್ದಾಳೆ, ಅವಳು ಮೈಸೂರಿನಲ್ಲಿದ್ದಾಳೆ. ಇವುಗಳನ್ನೇ ನಿಷೇಧಿಸಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಿವಿಗೆ ಬೀಳುತ್ತದೆ: ಹಾಡುಗಾರ್ತಿ ಅಲ್ಲ, ಹಾಡುತ್ತಿಲ್ಲ, ಮೈಸೂರಿನಲ್ಲಿಲ್ಲ. ಇಂಗ್ಲಿಷ್ ಮೂರು ಕಡೆಯೂ 'ಈಸ್ ನಾಟ್' ಎನ್ನುವಾಗ, ಕನ್ನಡ ಒಂದು ಕಡೆ 'ಅಲ್ಲ' ಎಂದು ಬೇರೆ ದಾರಿ ಹಿಡಿಯುತ್ತದೆ. ನಾಮಪದಕ್ಕೆ ನಾಮಪದವನ್ನು ಜೋಡಿಸಿದ ವಾಕ್ಯದಲ್ಲಿ 'ಅಲ್ಲ' ಬಂತೆಂದರೆ, ಇಂಗ್ಲಿಷಿನ ಆ ಈಸ್ ಕೊಂಡಿಯೇ ಸರಿ. ಗುಣವನ್ನು ಹೇಳುವಾಗ ಈ ಪರೀಕ್ಷೆ ಸದಾ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ನಾವು 'ಸಾರು ಬಿಸಿಯಾಗಿಲ್ಲ' ಎಂದು 'ಇಲ್ಲ'ವನ್ನೇ ಬಳಸುತ್ತೇವೆ.

ಈ ಗುಣದ ಮಾತಿನಲ್ಲೇ ನಮ್ಮವರು ಹೆಚ್ಚಾಗಿ ಎಡವುವುದು. ಇಂಗ್ಲಿಷಿನ ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್ ಎಂಬ ಐದು ಇಂದ್ರಿಯಗಳ ಕ್ರಿಯಾಪದಗಳು ಒಮ್ಮೊಮ್ಮೆ ಕೊಂಡಿಗಳಾಗಿಯೂ ಕೆಲಸ ಮಾಡುತ್ತವೆ. 'ಷೀ ಸ್ಮೆಲ್ಡ್ ದ ಜಾಸ್ಮಿನ್' ಎಂದರೆ ಅವಳು ಮಲ್ಲಿಗೆಯನ್ನು ಮೂಸಿದಳು. ಅದು ಕ್ರಿಯೆ, ಮೂಗು ಅವಳದು. 'ದ ಜಾಸ್ಮಿನ್ ಸ್ಮೆಲ್ಸ್ ಸ್ವೀಟ್' ಎಂದರೆ ಮಲ್ಲಿಗೆ ಘಮಘಮಿಸುತ್ತಿದೆ; ಹೂವು ಏನನ್ನೂ ಮೂಸುತ್ತಿಲ್ಲ. ಹಾಗೆಯೇ ಅವಳು ಹಣ್ಣಿನ ರುಚಿ ನೋಡಿದಾಗಲೂ ಟೇಸ್ಟ್, ಹಣ್ಣು ಸಿಹಿಯಾಗಿದ್ದಾಗಲೂ ಟೇಸ್ಟ್. ಇಂಗ್ಲಿಷ್ ಒಂದೇ ಪದದಿಂದ ನಡೆಸುವ ಈ ಎರಡು ಕೆಲಸಗಳಿಗೆ ಕನ್ನಡ ಎರಡು ಪದಗಳನ್ನು ಇಟ್ಟುಕೊಂಡಿದೆ ಎಂಬುದನ್ನು ಗಮನಿಸಿದಾಗ ನನಗೆ ತುಂಬಾ ಸಂತೋಷವಾಗುತ್ತದೆ. ನೋಡುವುದು ಬೇರೆ, ಕಾಣುವುದು ಬೇರೆ; ಕೇಳುವುದು ಬೇರೆ, ಕೇಳಿಸುವುದು ಬೇರೆ; ಮುಟ್ಟುವುದು ಬೇರೆ, ಅನಿಸುವುದು ಬೇರೆ. 'ಹೀ ಲುಕ್ಡ್ ಆ್ಯಂಗ್ರಿ' ಎಂಬಲ್ಲಿ ಅವನು ಸಿಟ್ಟಾದಂತೆ ಕಂಡನು. 'ಹೀ ಲುಕ್ಡ್ ಆ್ಯಂಗ್ರಿಲಿ ಅಟ್ ದ ಡಾಗ್' ಎಂಬಲ್ಲಿ ಅವನು ನಾಯಿಯನ್ನು ಸಿಟ್ಟಿನಿಂದ ನೋಡಿದನು. ಲುಕ್ ಎಂಬುದಕ್ಕೆ 'ಕಾಣು' ಹೊಂದಿದರೆ ಅದು ಕೊಂಡಿ, 'ನೋಡು' ಹೊಂದಿದರೆ ಕ್ರಿಯೆ. ಯಾವ ಇಂಗ್ಲಿಷ್ ಪಠ್ಯಪುಸ್ತಕವೂ ಇದಕ್ಕಿಂತ ಹತ್ತಿರದ ದಾರಿಯನ್ನು ಕನ್ನಡಿಗರಿಗೆ ತೋರಿಸಲಾರದು ಎಂದು ನಾನು ನಂಬಿದ್ದೇನೆ.

ಆ ಎರಡು ವಾಕ್ಯಗಳಲ್ಲಿ ಆ್ಯಂಗ್ರಿ ಮತ್ತು ಆ್ಯಂಗ್ರಿಲಿ ಎಂಬ ವ್ಯತ್ಯಾಸವನ್ನೂ ತಾವು ಕೇಳಿದಿರಿ. ಕೊಂಡಿಯ ಬಳಿಕ ಬರುವ ಪದ ಕರ್ತೃವಿನ ಗುಣವನ್ನು ಹೇಳುವುದರಿಂದ ಅದು ಗುಣವಾಚಕವಾಗಿಯೇ ಉಳಿಯುತ್ತದೆ. ಅದಕ್ಕೆ 'ಲಿ' ಅಂಟುವುದಿಲ್ಲ. ಹೀಗಿದ್ದೂ 'ದ ಗಾರ್ಡನ್ ಲುಕ್ಸ್ ಬ್ಯೂಟಿಫುಲ್ಲಿ' ಎಂದು ನಮ್ಮ ವಿದ್ಯಾರ್ಥಿಗಳು ಬರೆಯುವುದಕ್ಕೆ ಕಾರಣ ಕನ್ನಡದ 'ಆಗಿ' ಎಂಬ ಪದ. ತೋಟ ಸುಂದರವಾಗಿ ಕಾಣುತ್ತದೆ, ಹುಡುಗಿ ಸುಂದರವಾಗಿ ಹಾಡುತ್ತಾಳೆ ಎಂದು ನಾವು ಎರಡು ಕಡೆಯೂ ಅದೇ 'ಆಗಿ'ಯನ್ನು ಬಳಸುತ್ತೇವೆ. ಊಟ ಚೆನ್ನಾಗಿದೆ, ಚೆನ್ನಾಗಿ ಊಟ ಮಾಡಿದೆವು. ಇಂಗ್ಲಿಷಿನಲ್ಲಿ ಮೊದಲನೆಯದು ಗುಡ್, ಎರಡನೆಯದು ವೆಲ್. 'ಆಗಿ'ಯನ್ನು ಕಂಡೊಡನೆ 'ಲಿ' ಹಚ್ಚದೆ, ಸೌಂದರ್ಯ ತೋಟದ್ದೋ ಹಾಡುವ ರೀತಿಯದೋ ಎಂದು ಕೇಳಿಕೊಳ್ಳಬೇಕು. ತೋಟದ್ದಾದರೆ ಬ್ಯೂಟಿಫುಲ್, ಹಾಡುವ ರೀತಿಯದಾದರೆ ಬ್ಯೂಟಿಫುಲ್ಲಿ.

ಬದಲಾವಣೆಯನ್ನು ಹೇಳುವ ಕೊಂಡಿಗಳು ಇಷ್ಟು ತೊಡಕು ಕೊಡುವುದಿಲ್ಲ. ಬಿಕಮ್, ಗೆಟ್, ಗ್ರೋ, ಟರ್ನ್ ಇವೆಲ್ಲ ನಮ್ಮ 'ಆಗು' ಎಂಬ ಒಂದೇ ಧಾತುವಿನ ನೆರಳಿನಲ್ಲಿ ನಿಲ್ಲುತ್ತವೆ: ಹಾಲು ಹುಳಿಯಾಯಿತು, ಎಲೆ ಹಳದಿಯಾಯಿತು, ಕತ್ತಲಾಯಿತು. ಕನಸು ನನಸಾಯಿತು ಎನ್ನಲು ಇಂಗ್ಲಿಷ್ 'ಕೇಮ್ ಟ್ರೂ' ಎಂದು ಬರುವ ಕ್ರಿಯೆಯನ್ನೂ ಕೊಂಡಿಯಾಗಿಸುತ್ತದೆ.

ಆಮ್, ಈಸ್, ಬೀ, ವಾಸ್ ಎಂಬ ರೂಪಗಳು ಒಂದಕ್ಕೊಂದು ಹೋಲುವುದೇ ಇಲ್ಲವಲ್ಲ ಎಂದು ಮಕ್ಕಳು ಕೇಳುವುದುಂಟು. ಅವು ಹುಟ್ಟಿನಿಂದ ಒಂದೇ ಕ್ರಿಯಾಪದವಲ್ಲ. ಬೇರೆ ಬೇರೆ ಧಾತುಗಳು ಕಾಲಕ್ರಮದಲ್ಲಿ ಬೆರೆತು ಒಂದಾದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಸಮಾನವಾದ ಮೂಲವೊಂದು ಇದ್ದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮೇಲೆ ಬೆಳೆದ ಭಾಷಾಶಾಸ್ತ್ರ ಇದನ್ನು ಬಿಡಿಸಿ ತೋರಿಸಿತು. ಆಮ್ ಮತ್ತು ಈಸ್ ಎಂಬವು ಸಂಸ್ಕೃತದ ಅಸ್ಮಿ, ಅಸ್ತಿಗಳ ಬಂಧುಗಳು. ಬೀ ಎಂಬುದು ಭವತಿಯ ಬಂಧು. ವಾಸ್ ಎಂಬುದು 'ನೆಲೆಸು' ಎಂಬರ್ಥದ ವಸ್ ಧಾತುವಿನ ಬಂಧು. ಕನ್ನಡ ದ್ರಾವಿಡ ಕುಟುಂಬಕ್ಕೆ ಸೇರಿದ ಭಾಷೆ. ಆದರೂ ಸಂಸ್ಕೃತದಿಂದ ಪಡೆದ ಅಸ್ತಿತ್ವ, ಭವನ, ವಸತಿ ಎಂಬ ಪದಗಳಲ್ಲಿ ಈ ಮೂರು ಧಾತುಗಳೂ ನಮ್ಮ ದಿನಬಳಕೆಯಲ್ಲಿವೆ.

ಕೊನೆಯದಾಗಿ, ನನ್ನ ಮನಸ್ಸಿಗೆ ನೋವು ತರುವ ಒಂದು ವಿಷಯವಿದೆ. ಇಂಗ್ಲಿಷಿನಲ್ಲಿ ಕೊಂಡಿ ಬೇಕೆಂದು ಕಲಿತ ನಾವು ಅದನ್ನು ಕನ್ನಡಕ್ಕೂ ಹೊರಿಸತೊಡಗಿದ್ದೇವೆ. 'ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ', 'ಇವರು ಪ್ರಸಿದ್ಧ ಲೇಖಕರಾಗಿದ್ದಾರೆ' ಎಂಬಂಥ ವಾಕ್ಯಗಳನ್ನು ಸುದ್ದಿಯಲ್ಲೂ ಪಠ್ಯಗಳಲ್ಲೂ ನಾವು ದಿನವೂ ಓದುತ್ತಿದ್ದೇವೆ. ಇಲ್ಲಿನ 'ಆಗಿದೆ' ಎಂಬುದು ಈಸ್ ಎಂಬುದರ ಅನುವಾದ, ಅಷ್ಟೇ. ಶ್ರೀರಂಗಪಟ್ಟಣ ಹಿಂದೆ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು ಎನ್ನುವಾಗ ಕಳೆದುಹೋದ ಕಾಲವನ್ನು ತೋರಿಸಬೇಕಾದ್ದರಿಂದ ಆ ಪದಕ್ಕೆ ಅಲ್ಲಿ ಕೆಲಸವಿದೆ. ಇಂದಿನ ಮಾತಿಗೆ ಅದು ಬೇಕಿಲ್ಲ. ಬೆಂಗಳೂರು ಕರ್ನಾಟಕದ ರಾಜಧಾನಿ.

ನಮಸ್ಕಾರ.