ದಾಳ ಉರುಳೋ ಮೊದಲೇ ಮಾತು ಮುಗೀಲಿ

ಮಿನಿಯೇಚರ್ ವಾರ್‌ಗೇಮ್‌ಗಳಲ್ಲಿ (ಮೇಜಿನ ಮೇಲೆ ಪುಟ್ಟ ಗೊಂಬೆ ಸೈನ್ಯ ಇಟ್ಟು ಆಡೋ ಯುದ್ಧದಾಟಗಳಲ್ಲಿ) ರೂಲ್ ಜಗಳ ಹೆಚ್ಚಾಗಿ ಹತ್ತಿಕೊಳ್ಳೋದು ದಾಳ ಬಿದ್ದ ಮೇಲೆ. ಅಷ್ಟೊತ್ತಿಗೆ ಯಾವ ಅರ್ಥ ಹಿಡಿದರೆ ಯಾರ ಯೂನಿಟ್ (ಸೈನಿಕರ ತಂಡ) ಉಳಿಯುತ್ತೆ ಅಂತ ಇಬ್ಬರಿಗೂ ಗೊತ್ತಾಗಿರುತ್ತೆ. ಎಂಥ ನ್ಯಾಯವಂತರಾದರೂ ರೂಲ್ ಪುಸ್ತಕದ ಸಾಲನ್ನ ತಮ್ಮ ಕಡೆಗೇ ಎಳೀತಾರೆ. ಹಾಗಾಗಿ ನಾನು ಹಟ ಹಿಡಿದು ಹೇಳೋದು ಒಂದೇ: ಅನುಮಾನ ಇದ್ದರೆ ದಾಳ ಕೈಗೆ ತಗೊಳ್ಳೋ ಮುಂಚೆ ಬಾಯಿಬಿಟ್ಟು ಕೇಳಿ.

ಇಂಥದ್ದೇ ಒಂದು ಆಟ ವಾರ್‌ಹ್ಯಾಮರ್ 40,000. ಅದರ ಹತ್ತನೇ ಆವೃತ್ತಿಯ ಡೀಪ್ ಸ್ಟ್ರೈಕ್, ಅಂದರೆ ಹೊರಗಿಟ್ಟ ಯೂನಿಟನ್ನ ಆಟದ ನಡುವೆ ಮೇಜಿಗೆ ಇಳಿಸೋ ರೂಲ್ ನೋಡಿ. ಯೂನಿಟ್ ಇಳಿಸಬೇಕಾದ್ದು ಎದುರಾಳಿಯ ಎಲ್ಲ ಮಾಡೆಲ್‌ಗಳಿಂದ (ಗೊಂಬೆಗಳಿಂದ) 9 ಇಂಚಿಗಿಂತ ಹೆಚ್ಚು ದೂರದಲ್ಲಿ. ಆಮೇಲೆ ಚಾರ್ಜ್ ಮಾಡಿ, ಅಂದರೆ ಎರಡು ದಾಳ ಸೇರಿ ಬಿದ್ದಷ್ಟು ಇಂಚು ಮುನ್ನುಗ್ಗಿ, ಎದುರಾಳಿಯ 1 ಇಂಚಿನೊಳಗೆ ತಲುಪಬೇಕು. ಸರಿಯಾಗಿ 9 ಇಂಚಿಗೆ ಇಡೋ ಹಾಗಿದ್ದಿದ್ದರೆ ಎರಡು ದಾಳ ಸೇರಿ 8 ಬಿದ್ದರೆ ಸಾಕಿತ್ತು, 36ಕ್ಕೆ 15 ಅವಕಾಶ. ‘9ಕ್ಕಿಂತ ಹೆಚ್ಚು’ ಅಂದಿರೋದರಿಂದ ಕೂದಲೆಳೆಯಷ್ಟು ಆಚೆ ಇಟ್ಟರೂ 8 ಸಾಲದು, 9 ಬೀಳಲೇಬೇಕು. ಈಗ 36ಕ್ಕೆ 10. ಶೇಕಡಾ 42ರ ಹತ್ತಿರ ಇದ್ದದ್ದು 28ಕ್ಕೆ ಇಳೀತು. ಅದಕ್ಕೇ ಟೇಪ್ ಇಟ್ಟು ಎದುರಾಳಿಗೆ ತೋರಿಸಿ, ‘ಇದು 9ರ ಆಚೆ ಇದೆ, ಚಾರ್ಜ್‌ಗೆ 9 ಬೇಕು, ಒಪ್ತೀರಾ?’ ಅನ್ನಿ. ಒಪ್ಪಿದ ಮೇಲೆ ಕೈ ತಾಗಿ ಬೇಸ್ (ಗೊಂಬೆ ನಿಂತಿರೋ ತಟ್ಟೆ) ಚೂರು ಜರುಗಿದರೂ ಆ ಮಾತೇ ಲೆಕ್ಕ.

‘ವಿದಿನ್’ (ಇಷ್ಟು ದೂರದೊಳಗೆ) ಮತ್ತು ‘ಹೋಲಿ ವಿದಿನ್’ (ಪೂರ್ತಿ ಒಳಗೆ) ಕಥೆಯೂ ಇದೇ. ಮೊದಲನೆಯದಕ್ಕೆ ಬೇಸ್‌ನ ಅಂಚು ಒಳಗೆ ಬಂದರೆ ಸಾಕು, ಎರಡನೆಯದಕ್ಕೆ ಇಡೀ ಬೇಸ್ ಒಳಗಿರಬೇಕು. ನೆನಪಿನ ಮೇಲೆ ವಾದ ಮಾಡೋರು ಎಡವೋದು ಇಲ್ಲೇ. ಪುಸ್ತಕ ತೆಗೆದು ಆ ಸಾಲನ್ನ ಗಟ್ಟಿಯಾಗಿ ಓದಿ, ಎಷ್ಟೋ ತಕರಾರು ಅಲ್ಲಿಗೇ ತಣ್ಣಗಾಗುತ್ತೆ.

ಹಾಗಂತ ಅಕ್ಷರಕ್ಕೇ ಜೋತುಬೀಳೋದೂ ಬೇಡ. 2017ರ ಎಂಟನೇ ಆವೃತ್ತಿಯಲ್ಲಿ ಅಡ್ವಾನ್ಸ್ ಮಾಡಿದ (ದಾಳ ಹಾಕಿ ಮಾಮೂಲಿಗಿಂತ ಹೆಚ್ಚು ದೂರ ಸರಿದ) ಯೂನಿಟನ್ನ ಶೂಟಿಂಗ್‌ಗೆ ಆರಿಸೋ ಹಾಗಿರಲಿಲ್ಲ. ಅಸಾಲ್ಟ್ ಅನ್ನೋ ಬಗೆಯ ಆಯುಧ ಇದ್ದರೆ ಅಡ್ವಾನ್ಸ್ ಮಾಡಿದ ಮೇಲೂ ಗುಂಡು ಹಾರಿಸಬಹುದು ಅಂತ ಇನ್ನೊಂದು ಕಡೆ ಬರೆದಿತ್ತು. ಆದರೆ ಆ ಅನುಮತಿ ಮಾಡೆಲ್‌ಗೆ. ಯೂನಿಟನ್ನೇ ಆರಿಸೋಕಾಗದಿದ್ದರೆ ಮಾಡೆಲ್‌ನ ಸರದಿ ಬರೋದಾದರೂ ಹೇಗೆ? ಅಕ್ಷರಶಃ ಓದಿದರೆ ಆ ರೂಲ್ ಇದ್ದೂ ಇಲ್ಲದ ಹಾಗೆ. ನಿಮ್ಮ ಓದು ಇನ್ನೊಂದು ರೂಲನ್ನ ಪೂರ್ತಿ ನಿಷ್ಪ್ರಯೋಜಕ ಮಾಡ್ತಿದೆ ಅಂದರೆ ಆ ಓದನ್ನ ಬಿಟ್ಟುಬಿಡಿ. ‘ಬರೆದವರ ಮನಸ್ಸಲ್ಲಿ ಹೀಗಿತ್ತು’ ಅನ್ನೋ ವಾದಕ್ಕೆ ನಾನು ಜಾಗ ಕೊಡೋದು ಇಂಥ ಕಡೆ ಮಾತ್ರ. ಬೇರೆ ಕಡೆ ಅದು ಅವರವರ ಆಸೆ ಅಷ್ಟೇ.

ಎಫ್‌ಎಕ್ಯೂನಲ್ಲೂ (ಆಟ ತಯಾರಿಸಿದವರ ಪ್ರಶ್ನೋತ್ತರದಲ್ಲೂ) ಉತ್ತರ ಇಲ್ಲ, ಎರಡೂ ಓದು ನಿಲ್ಲುತ್ತೆ ಅಂದಾಗ ರೋಲ್-ಆಫ್ ಮಾಡಿ, ಅಂದರೆ ಇಬ್ಬರೂ ಒಂದೊಂದು ದಾಳ ಹಾಕಿ, ಹೆಚ್ಚು ಬಿದ್ದವರ ಓದೇ ನಿಲ್ಲಲಿ. ಸಾಲು ಸ್ಪಷ್ಟವಾಗಿದ್ದಾಗ ‘ಬಿಡಿ, ದಾಳ ಹಾಕೋಣ’ ಅಂದರೆ ಒಪ್ಪಬೇಡಿ. ಇಲ್ಲದ ಹಕ್ಕಿಗೆ ಅರ್ಧಕ್ಕರ್ಧ ಅವಕಾಶ ಕೊಟ್ಟ ಹಾಗಾಗುತ್ತೆ. ಬಂದ ತೀರ್ಮಾನವನ್ನ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಐದನೇ ರೌಂಡ್‌ನಲ್ಲಿ ಅದೇ ಸಾಲು ರೋಲ್-ಆಫ್ ಗೆದ್ದವರಿಗೇ ತಿರುಗುಬಾಣವಾದರೂ, ಆ ಆಟ ಮುಗಿಯೋವರೆಗೆ ಇಬ್ಬರಿಗೂ ಚೀಟಿಯಲ್ಲಿರೋದೇ ರೂಲ್.