ಪ್ಲೇಟ್ ಹಾಕಿದರೂ ಕೂಡದ ತೊಡೆ ಮೂಳೆ

ಕೇಳುಗರಿಗೆ ನಮಸ್ಕಾರ. ಮಂಡಿಯ ಸ್ವಲ್ಪ ಮೇಲೆ ತೊಡೆ ಮೂಳೆ ಮುರಿದು, ಪ್ಲೇಟ್ ಹಾಕಿಸಿಕೊಂಡು, ಇನ್ನೂ ಊರುಗೋಲು ಬಿಡಲಾಗದವರು ನಿಮ್ಮ ಮನೆಯಲ್ಲಿದ್ದರೆ ರೇಡಿಯೊ ಸ್ವಲ್ಪ ಜೋರು ಮಾಡಿ. ಈ ಮೂಳೆ 4ರಿಂದ 6 ತಿಂಗಳಲ್ಲಿ ಕೂಡಬೇಕು. 9 ತಿಂಗಳಾದರೂ ಕೂಡದೆ, ಕೊನೆಯ 3 ತಿಂಗಳ ಎಕ್ಸ್‌ರೇ ಎಲ್ಲ ಒಂದೇ ಥರ ಇದ್ದರೆ ಇನ್ನು ಕಾಯಬೇಡಿ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಪ್ಲೇಟ್ ಮೂಳೆಯನ್ನು ಕೂಡಿಸುವುದಿಲ್ಲ, ಸುಮ್ನೆ ಹಿಡಿದುಕೊಂಡಿರುತ್ತದೆ. ಕೂಡುವುದು ಮೂಳೆಯ ಕೆಲಸ.

ನರ್ಸರಿ ಇಟ್ಟಿರುವ ಒಬ್ಬರು ಬಂದಿದ್ದರು. ಮಾವಿನ ಕಸಿ ಕಟ್ಟುವುದರಲ್ಲಿ ಪಳಗಿದ ಕೈ. ಬೈಕಿನಿಂದ ಬಿದ್ದು 10 ತಿಂಗಳಾಗಿತ್ತು, ಒಳಗಿನ ಪ್ಲೇಟ್ ಎರಡು ತುಂಡಾಗಿತ್ತು. "ಕಳಪೆ ಮಾಲು ಡಾಕ್ಟ್ರೇ, ನೀವು ಒಳ್ಳೇ ಕಂಪನಿದು ಹಾಕಿ" ಅಂದರು. ಬೇಲಿ ತಂತಿ ಹೇಗೆ ಮುರೀತೀರಿ ಅಂತ ಕೇಳಿದೆ. "ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ತುಂಡಾಗುತ್ತೆ." ಅಷ್ಟೇ ಸ್ವಾಮಿ! ಮೂಳೆ ಕೂಡದಿದ್ದರೆ ಹೆಜ್ಜೆ ಹೆಜ್ಜೆಗೂ ಪ್ಲೇಟ್ ಬಗ್ಗುತ್ತದೆ. ಯಾವ ಕಂಪನಿಯದಾದರೂ ಒಂದು ದಿನ ಮುರಿಯುತ್ತದೆ.

ಆಪರೇಷನ್ ವಿವರಿಸಿದೆ. ಮುರಿದ ತುದಿಗಳ ನಡುವೆ ಬೆಳೆದ ನಾರನ್ನು, ರಕ್ತ ಒಸರುವ ಮೂಳೆ ಸಿಗುವ ತನಕ ಕೆರೆಯುತ್ತೇವೆ. ಸೊಂಟದ ಮೂಳೆಯಿಂದ ಚೂರು ತೆಗೆದು ಅಲ್ಲಿ ತುಂಬುತ್ತೇವೆ. ತೊಡೆಯ ಹೊರಬದಿಗೊಂದು, ಒಳಬದಿಗೊಂದು ಪ್ಲೇಟ್ ಬಿಗಿಯುತ್ತೇವೆ. ಕೆಲವರಿಗೆ ಮೂಳೆಯೊಳಗೆ ರಾಡು, ಪಕ್ಕಕ್ಕೆ ಪ್ಲೇಟ್. ಅವರು ನಕ್ಕುಬಿಟ್ಟರು. "ಇದು ನಮ್ಮ ಕಸಿನೇ ಅಲ್ವಾ? ಹಸಿ ಕಾಣೋ ತನಕ ಕೆತ್ತಬೇಕು, ಅಲುಗದಂಗೆ ಕಟ್ಟಬೇಕು!" ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ ನೋಡಿ.

"ಹಾಗಾದ್ರೆ ಕಸಿ ಗಿಡಕ್ಕೆ ಹೊಗೆ ಹಾಕ್ತೀರಾ?" ಅಂತ ಅವರ ಜೇಬಿನ ಬೀಡಿ ಕಟ್ಟು ತೋರಿಸಿದೆ. ನಗು ನಿಂತಿತು. ಬೀಡಿ ಸೇದಿದರೆ ಮೂಳೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ರಕ್ತವಿಲ್ಲದೆ ಮೂಳೆ ಹೇಗೆ ಕೂಡೀತು? ಪ್ಲೇಟ್ ಏನು ಮಾಡೀತು, ಪಾಪ! ಅವರು ಬೀಡಿ ಬಿಟ್ಟರು. ಆರನೇ ತಿಂಗಳಿಗೆ ಕೋಲಿಲ್ಲದೆ ಬಂದರು, ಕೈಯಲ್ಲೊಂದು ಮಲಗೋವಾ ಸಸಿ. ಮನೆ ಹಿಂದೆ ನೆಟ್ಟಿದ್ದೇನೆ, ಚಿಗುರಿದೆ.

ಅಯ್ಯೋ, ಹೊತ್ತು ಜಾಸ್ತಿ ಆಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಒಳಗೆ ಕೀವಿದ್ದರೆ ಮೊದಲು ಅದನ್ನು ವಾಸಿ ಮಾಡಬೇಕು, ಕಸಿ ಆಮೇಲೆ. ಇಂಚುಗಟ್ಟಲೆ ಮೂಳೆ ಕಳೆದುಕೊಂಡವರಿಗೆ ಸೈಬೀರಿಯಾದ ಕುರ್ಗಾನ್‌ನಲ್ಲಿದ್ದ ಡಾಕ್ಟರ್ ಇಲಿಜಾರೋವ್ ಅವರ ಉಂಗುರಗಳಿವೆ, ಕಾಲಿನ ಸುತ್ತ ಹೊರಗಿನಿಂದ ಕೂರಿಸಿ ತಂತಿಗಳಿಂದ ಮೂಳೆಗೆ ಬಿಗಿಯುವಂಥವು. ದಿನಕ್ಕೆ 1 ಮಿಲಿಮೀಟರ್ ಹೊಸ ಮೂಳೆ ಬೆಳೆಸುತ್ತವೆ. ಆ ಕಥೆ ಹೇಳುವುದಕ್ಕೇ ಇನ್ನೊಂದು ದಿನ ಬೇಕು. ಮಂಡಿ ಮಡಿಸುವ ವ್ಯಾಯಾಮವನ್ನೂ ಬಿಡಬೇಡಿ. ಮಂಡಿ ಜಡ್ಡುಗಟ್ಟಿದರೆ ಬಗ್ಗುವುದು ಮುರಿದ ಜಾಗವೇ, ಆಗ ಮತ್ತೆ ಆ ಬೇಲಿ ತಂತಿಯ ಕಥೆ. ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ನಮಸ್ಕಾರ.