ಕೈ ತಡೆಯುವ ಗಳಿಗೆ

ಕೇಳುಗರಿಗೆ ನಮಸ್ಕಾರ.

ಡಾಕ್ಯುಮೆಂಟರಿ ಎಂಬ ಮಾತಿಗೆ ಕನ್ನಡದಲ್ಲಿ ನಾವು ಸಾಕ್ಷ್ಯಚಿತ್ರ ಎನ್ನುತ್ತೇವೆ. ಬರೀ ದಾಖಲೆಯನ್ನು ಸೂಚಿಸುವ ಮೂಲಪದಕ್ಕಿಂತ ನಮ್ಮ ಈ ಪದವೇ ನನಗೆ ಹೆಚ್ಚು ಪ್ರಿಯವಾದದ್ದು. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು, ಕಂಡಷ್ಟನ್ನು ಮಾತ್ರ ಹೇಳಬೇಕಾದವನು. ಕಲಾವಿದರನ್ನು ಕುರಿತ ಚಿತ್ರಗಳ ವಿಷಯದಲ್ಲಿ ಈ ಪದ ಒಂದು ಕಷ್ಟವನ್ನೂ ಎದುರಿಗಿಡುತ್ತದೆ. ಒಂದು ವರ್ಣಚಿತ್ರವಾಗಲಿ, ಒಂದು ರಾಗದ ಆಲಾಪನೆಯಾಗಲಿ, ಒಂದು ಕವಿತೆಯಾಗಲಿ ಹುಟ್ಟುವುದು ಒಳಗೆ. ಕ್ಯಾಮೆರಾ ನಿಂತಿರುವುದು ಹೊರಗೆ. ಹಾಗಿರುವಾಗ ಅದು ಯಾವುದಕ್ಕೆ ಸಾಕ್ಷಿಯಾಗಬಲ್ಲದು?

1946ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಕಂಪೋ ಎಂಬವರು ಚಿತ್ರಕಾರ ಆನ್ರಿ ಮತೀಸರು ಕೆಲಸ ಮಾಡುವುದನ್ನು ಚಿತ್ರೀಕರಿಸಿ, ಅದರ ಒಂದು ಭಾಗವನ್ನು ನಿಧಾನಗತಿಯಲ್ಲಿ ತೋರಿಸಿದರು. ಬರಿಗಣ್ಣಿಗೆ ಒಂದೇ ಎಳೆತದಲ್ಲಿ ಮುಗಿದಂತೆ ಕಾಣುತ್ತಿದ್ದ ಕುಂಚದ ಗೆರೆ, ನಿಧಾನಗತಿಯಲ್ಲಿ ಬೇರೆಯೇ ಕಥೆ ಹೇಳಿತು. ಕೈ ಗಾಳಿಯಲ್ಲಿ ತಡೆಯುತ್ತದೆ, ಹಾಳೆಯ ಹತ್ತಿರ ಹೋಗಿ ಹಿಂದೆ ಸರಿಯುತ್ತದೆ, ಹತ್ತು ಗೆರೆಗಳನ್ನು ಮನಸ್ಸಿನಲ್ಲೇ ಎಳೆದು ನೋಡಿದಂತೆ ತೂಗಾಡಿ, ಕೊನೆಗೆ ಒಂದನ್ನು ಎಳೆಯುತ್ತದೆ. ಅದನ್ನು ನೋಡಿ ಮತೀಸರೇ ವಿಚಲಿತರಾದರೆಂದು ತತ್ತ್ವಶಾಸ್ತ್ರಜ್ಞ ಮೆರ್ಲೋ ಪೊಂಟಿ ಬರೆದಿದ್ದಾರೆ. ಅದರ ಜೊತೆಗೇ ಅವರು ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ಸಾಧ್ಯವಿದ್ದ ಎಲ್ಲ ಗೆರೆಗಳನ್ನೂ ಲೆಕ್ಕಹಾಕಿ ಅವುಗಳಲ್ಲಿ ಒಂದನ್ನು ಆಯ್ದುಕೊಂಡೆನೆಂದು ಮತೀಸರು ಭಾವಿಸಿದರೆ ಅದು ತಪ್ಪು. ಅವರು ನಮ್ಮೆಲ್ಲರ ಕಾಲದಲ್ಲೇ, ನಮ್ಮೆಲ್ಲರ ವೇಗದಲ್ಲೇ ಕೆಲಸ ಮಾಡಿದರು, ಆ ದೀರ್ಘ ಅನುಮಾನವನ್ನು ಸೃಷ್ಟಿಸಿದ್ದು ಯಂತ್ರ. ಈ ಎಚ್ಚರಿಕೆ ಸರಿಯಾದದ್ದೇ. ಆದರೂ ಕೈ ತಡೆದದ್ದಂತೂ ನಿಜ, ಮತ್ತು ಅದನ್ನು ಕ್ಯಾಮೆರಾ ಬಿಟ್ಟು ಬೇರೆ ಯಾರೂ ಕಂಡಿರಲಿಲ್ಲ.

ಹತ್ತು ವರ್ಷಗಳ ಅನಂತರ, 1956ರಲ್ಲಿ ತೆರೆಕಂಡ ಆನ್ರಿ ಜಾರ್ಜ್ ಕ್ಲೂಜೋ ಅವರ ಚಿತ್ರದಲ್ಲಿ ಪಿಕಾಸೊ ತೆಳುವಾದ, ಅರೆಪಾರದರ್ಶಕ ಹಾಳೆಯ ಮೇಲೆ ಬರೆಯುತ್ತಾರೆ. ಶಾಯಿ ಹಿಂಬದಿಗೆ ಇಳಿಯುತ್ತದೆ. ಆ ಹಿಂಬದಿಯಲ್ಲಿ ಕ್ಯಾಮೆರಾ ಇದೆ. ಚಿತ್ರಕಾರ ಮರೆಯಾಗಿ ಗೆರೆಗಳಷ್ಟೇ ತಾವಾಗಿ ಮೂಡುತ್ತವೆ. ಹೂಗುಚ್ಛವೆಂದು ನಾವು ನಂಬಿದ್ದು ಮೀನಾಗುತ್ತದೆ, ಮೀನು ಹುಂಜವಾಗುತ್ತದೆ, ಹುಂಜ ಒಂದು ಮುಖವಾಗುತ್ತದೆ. ಗ್ಯಾಲರಿಯ ಗೋಡೆಯ ಮೇಲೆ ಆ ಮುಖವೊಂದನ್ನೇ ಕಂಡವನಿಗೆ ಅದರಡಿಯಲ್ಲಿ ಹೂವೂ ಮೀನೂ ಇದ್ದುವೆಂಬ ಸುಳಿವು ಕೂಡ ಸಿಕ್ಕುವುದಿಲ್ಲ. ಚಿತ್ರದ ಕೊನೆಯ ಭಾಗದಲ್ಲಿ ಪಿಕಾಸೊ ಕಡಲತೀರದ ಒಂದು ದೊಡ್ಡ ಚಿತ್ರವನ್ನು ತಿದ್ದಿ ತಿದ್ದಿ, ಕಡೆಗೆ ಅದು ಕೆಟ್ಟಿತೆಂದು ಒಪ್ಪಿಕೊಂಡು ಹೊಸ ಕ್ಯಾನ್ವಾಸಿನ ಮೇಲೆ ಮೊದಲಿನಿಂದ ತೊಡಗುತ್ತಾರೆ. ನನಗೆ ಇಡೀ ಚಿತ್ರದಲ್ಲಿ ಅತ್ಯಂತ ಅಮೂಲ್ಯವೆನಿಸುವುದು ಆ ಒಪ್ಪಿಗೆಯೇ.

ನೋಡುವ ಕಣ್ಣು ನೋಡಿಸಿಕೊಳ್ಳುವವನ ಮೇಲೆ ಭಾರವಾಗಿ ಬೀಳುವುದೂ ಉಂಟು. 1950ರ ಶರತ್ಕಾಲದಲ್ಲಿ ಛಾಯಾಗ್ರಾಹಕ ಹಾನ್ಸ್ ನಮುತ್ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕರನ್ನು ಬಯಲಿನಲ್ಲಿ ನಿಲ್ಲಿಸಿ, ಗಾಜಿನ ಮೇಲೆ ಬಣ್ಣ ಚೆಲ್ಲಿಸಿ, ಕೆಳಗಿನಿಂದ ಚಿತ್ರೀಕರಿಸಿದರು. ಶುರುಮಾಡಿ, ನಿಲ್ಲಿಸಿ, ಮತ್ತೆ ಶುರುಮಾಡಿ ಎಂಬ ಸೂಚನೆಗಳ ನಡುವೆ ವಾರಗಳು ಕಳೆದವು. ಎರಡು ವರ್ಷ ಕುಡಿತದಿಂದ ದೂರವಿದ್ದ ಪೊಲಾಕ್, ಚಿತ್ರೀಕರಣ ಮುಗಿದ ಸಂಜೆಯೇ ಮತ್ತೆ ಮದ್ಯದ ಲೋಟ ಹಿಡಿದರು. ಅದಕ್ಕೆ ಕ್ಯಾಮೆರಾವೊಂದೇ ಕಾರಣವೆಂದು ಹೇಳುವುದು ನ್ಯಾಯವಾಗದು. ಆದರೆ ಏಕಾಂತದಲ್ಲಿ ಮಾಡುತ್ತಿದ್ದುದನ್ನು ಅಪ್ಪಣೆಯ ಮೇರೆಗೆ ಮಾಡಿ ತೋರಿಸುವುದರಲ್ಲಿ ಏನೋ ಒಂದು ಒಡೆಯುತ್ತದೆ ಎಂಬುದನ್ನು ಈ ಪ್ರಸಂಗ ಓದಿದ ಮೇಲೆ ನನಗೆ ಮರೆಯಲಾಗಿಲ್ಲ.

ಹಾಗಾದರೆ ಹತ್ತಿರ ನಿಂತೂ ಭಾರವಾಗದೆ ಇರುವುದು ಹೇಗೆ? ನಾನು ಕಂಡ ಚಿತ್ರಗಳಲ್ಲಿ ಇದಕ್ಕೆ ಉತ್ತರ ಕೊಟ್ಟದ್ದು ಸತ್ಯಜಿತ್ ರಾಯ್ ಅವರು 1972ರಲ್ಲಿ ತಯಾರಿಸಿದ, ಸುಮಾರು 20 ನಿಮಿಷಗಳ ‘ದಿ ಇನ್ನರ್ ಐ’. ಅದು ಬಿನೋದ್ ಬಿಹಾರಿ ಮುಖರ್ಜಿಯವರ ಕುರಿತದ್ದು. ಹುಟ್ಟಿನಿಂದಲೇ ಕಣ್ಣು ಮಂದವಾಗಿದ್ದ ಅವರು ಶಾಂತಿನಿಕೇತನದಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1946–47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬೃಹತ್ ಭಿತ್ತಿಚಿತ್ರವನ್ನು ಬರೆದವರು. 1950ರ ದಶಕದಲ್ಲಿ ನಡೆದ ಶಸ್ತ್ರಚಿಕಿತ್ಸೆ ಫಲಿಸದೆ ಉಳಿದಿದ್ದ ದೃಷ್ಟಿಯೂ ಹೋಯಿತು. ರಾಯ್ ತಮ್ಮ ಹರೆಯದಲ್ಲಿ ಶಾಂತಿನಿಕೇತನದ ಕಲಾಭವನದಲ್ಲಿ ಅವರ ಶಿಷ್ಯರಾಗಿದ್ದರು. ಶಿಷ್ಯ ಗುರುವಿನ ಮನೆಗೆ ಹೋಗುವ ರೀತಿಯಲ್ಲಿಯೇ ಈ ಕ್ಯಾಮೆರಾ ಒಳಗೆ ಹೋಗುತ್ತದೆ. ಕಪ್ಪು ಕನ್ನಡಕದ ಹಿರಿಯರೊಬ್ಬರು ಕಾಗದವನ್ನು ಮಡಿಸುತ್ತಾರೆ, ಬೆರಳಿನಿಂದ ಅಂಚನ್ನು ಸವರಿ ಅಳೆಯುತ್ತಾರೆ. ಅಂಥ ಮಡಿಕೆಗಳಿಂದ ಹುಟ್ಟಿದ ಆಕೃತಿಗಳು ಹೆಂಚಿನ ಬಿಲ್ಲೆಗಳಾಗಿ ಗೋಡೆಯನ್ನು ತುಂಬುತ್ತವೆ. ಅಯ್ಯೋ ಪಾಪ ಎಂಬ ಉದ್ಗಾರ ಎಲ್ಲಿಯೂ ಇಲ್ಲ; ಇಂಥವರೂ ಸಾಧಿಸಿದರು ನೋಡಿ ಎಂಬ ಘೋಷಣೆಯೂ ಇಲ್ಲ. ಕುರುಡು ಎಂಬುದು ಒಂದು ಹೊಸ ಇರವು ಎಂದು ಅವರೇ ಹೇಳಿದ್ದನ್ನು ಕೊನೆಯಲ್ಲಿ ನಾವು ಓದುವ ಹೊತ್ತಿಗೆ, ಆ ಬೆರಳುಗಳು ಅದನ್ನು ಮೊದಲೇ ತೋರಿಸಿಬಿಟ್ಟಿರುತ್ತವೆ.

ಕವಿಯ ವಿಷಯದಲ್ಲಿ ಈ ಕೆಲಸ ಇನ್ನೂ ಕಠಿಣ, ಏಕೆಂದರೆ ಕವಿಗೆ ಕುಂಚವಿಲ್ಲ, ಬಣ್ಣವಿಲ್ಲ. ಗಿರೀಶ ಕಾರ್ನಾಡರು 1970ರ ದಶಕದ ಆರಂಭದಲ್ಲಿ ಫಿಲ್ಮ್ಸ್ ಡಿವಿಷನ್ನಿಗಾಗಿ ದ. ರಾ. ಬೇಂದ್ರೆಯವರ ಕುರಿತು ಸಾಕ್ಷ್ಯಚಿತ್ರ ಮಾಡಿದ್ದರಿಂದ, ಬೇಂದ್ರೆಯವರನ್ನು ಎಂದೂ ಕಾಣದ ತಲೆಮಾರಿಗೂ ಅವರ ಮುಖ ಮತ್ತು ಮಾತು ಉಳಿದವು. ಗಾಯಕರ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರೂಪುಗೊಂಡ ಒಂದು ಕೆಲಸವನ್ನು ನಾನು ನೆನೆಯಬೇಕು. ಶಬನಂ ವಿರ್ಮಾನಿಯವರು ಇಲ್ಲಿನ ಸೃಷ್ಟಿ ಕಲಾಶಾಲೆಯ ಆಶ್ರಯದಲ್ಲಿ ಕಬೀರನನ್ನು ಅರಸಿ ತಯಾರಿಸಿದ ನಾಲ್ಕು ಚಿತ್ರಗಳಲ್ಲಿ ‘ಕೋಯಿ ಸುನ್ತಾ ಹೈ’ ಎಂಬುದು ಕುಮಾರ ಗಂಧರ್ವರ ಜಾಡಿನಲ್ಲಿ ನಡೆಯುತ್ತದೆ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠರೇ ಈ ಕುಮಾರ ಗಂಧರ್ವರು. ಕ್ಷಯರೋಗ ತಗುಲಿ, ಹಾಡಲಾಗದೆ ವರ್ಷಗಟ್ಟಲೆ ದೇವಾಸದಲ್ಲಿ ಮಲಗಿದ್ದಾಗ, ಸುತ್ತಲಿನ ಮಾಳವದ ಜನಪದರ ಹಾಡುಗಳನ್ನು ಅವರು ಕಿವಿಯಲ್ಲಿ ತುಂಬಿಕೊಂಡರು. ಮತ್ತೆ ಹಾಡಿದಾಗ ಅವರ ಸಂಗೀತವೇ ಬೇರೆಯಾಗಿತ್ತು. ಸೃಷ್ಟಿಕ್ರಿಯೆಯೆಂದರೆ ಬರಿಯ ಮಾಡುವಿಕೆಯಲ್ಲ, ಮಾಡಲಾಗದೆ ಕೇಳುತ್ತ ಮಲಗಿರುವುದೂ ಹೌದು. ಅದನ್ನು ನೇರವಾಗಿ ಯಾವ ಕ್ಯಾಮೆರಾ ತಾನೆ ಹಿಡಿದೀತು? ಆದ್ದರಿಂದಲೇ ಆ ಚಿತ್ರ ಅದೇ ಮಾಳವದ ಹಳ್ಳಿಯ ಕಬೀರ ಗಾಯಕರ ಕಡೆಗೂ ಕಿವಿಗೊಡುತ್ತದೆ.

ನಮ್ಮಲ್ಲಿ ಬರುವ ಬಹುಪಾಲು ಕಲಾವಿದರ ಚಿತ್ರಗಳು ಈ ತಾಳ್ಮೆಯನ್ನು ತೋರುವುದಿಲ್ಲ ಎಂಬುದು ನನ್ನ ನೋವು. ಹುಟ್ಟಿದ ಊರು, ಗುರುಗಳು, ಪ್ರಶಸ್ತಿಗಳು, ಹೊದಿಸಿದ ಶಾಲು, ಗಣ್ಯರ ನಾಲ್ಕು ಮಾತು: ಇವಿಷ್ಟರಲ್ಲಿ ಅರ್ಧ ಗಂಟೆ ಮುಗಿಯುತ್ತದೆ. ಗೌರವಿಸಬೇಕಾದ್ದು ಸರಿ, ಆದರೆ ಸನ್ಮಾನಕ್ಕೆ ಬೇರೆ ವೇದಿಕೆಗಳಿವೆ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋದಾಗಲೆಲ್ಲ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತು, ಆ ಮಂಜನ್ನು ಅವರು ಎಷ್ಟು ಹೊತ್ತು ನೋಡುತ್ತ ಕುಳಿತಿದ್ದರೋ ಎಂದು ಹಂಬಲಿಸುತ್ತೇನೆ. ಏಕಾಂತವನ್ನು ಅಷ್ಟು ಜತನದಿಂದ ಕಾಪಾಡಿಕೊಂಡ ಅವರು ಕ್ಯಾಮೆರಾವನ್ನು ಹತ್ತಿರ ಬಿಡುತ್ತಿದ್ದರೆಂಬ ನಂಬಿಕೆ ನನಗಿಲ್ಲ.

ಈ ಅವಸರದ ತಪ್ಪನ್ನು ನಾನೂ ಮಾಡಿದ್ದೇನೆ. ಬಳೇಪೇಟೆಯಲ್ಲಿ ಮೃದಂಗ ಕಟ್ಟುವ ಹಿರಿಯರೊಬ್ಬರನ್ನು ಚಿತ್ರೀಕರಿಸಲು ಗೆಳೆಯನೊಡನೆ ಹೋಗಿದ್ದಾಗ ಪ್ರಶ್ನೆಗಳ ಪಟ್ಟಿ ನನ್ನ ಕೈಯಲ್ಲಿತ್ತು. ಅವರು ಬಲಮುಖಕ್ಕೆ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಹಾಕುತ್ತಿದ್ದರು. ಕಪ್ಪು ಕಲ್ಲಿನ ಪುಡಿಯನ್ನು ಬೆಂದ ಅನ್ನದೊಂದಿಗೆ ನಾದಿ, ಚಿಟಿಕೆಯಷ್ಟನ್ನು ಬಳಿದು, ನುಣುಪಾದ ಕಲ್ಲಿನಿಂದ ತಿಕ್ಕಿ, ಬೆರಳಿನಿಂದ ತಟ್ಟಿ, ನಾದ ಕೇಳಿ, ಮತ್ತೆ ಚಿಟಿಕೆಯಷ್ಟು. ನಾನು ಅವರ ತಂದೆಯವರ ಬಗ್ಗೆ ಕೇಳಿದೆ. ಕೈ ನಿಂತಿತು, ಉತ್ತರ ಬಂತು. ಯಾವ ವಿದ್ವಾಂಸರಿಗೆಲ್ಲ ವಾದ್ಯ ಮಾಡಿಕೊಟ್ಟಿದ್ದೀರಿ ಎಂದು ಕೇಳಿದೆ; ಮತ್ತೆ ಕೈ ನಿಂತಿತು. ಮೂರನೆಯ ಪ್ರಶ್ನೆಗೆ ಅವರು ಬೇಸರವಿಲ್ಲದೆಯೇ, “ಸ್ವಾಮೀ, ನೀವು ಮಾತಾಡಿಸಿದ್ರೆ ಕಿವಿ ಈ ಕಡೆ ಬಂದ್ಬಿಡತ್ತೆ” ಎಂದರು.

ಸಂಕಲನದ ಕೋಣೆಯಲ್ಲಿ ನೋಡಿದಾಗ, ನಮ್ಮ ಬಳಿ ಉತ್ತರಗಳಿದ್ದವು, ಮೃದಂಗವಿರಲಿಲ್ಲ. ಬಳಸಬಹುದಾಗಿದ್ದ ಒಂದೇ ಭಾಗವೆಂದರೆ, ನಾನು ಚಹಾ ತರಲು ಹೋಗಿದ್ದಾಗ ಗೆಳೆಯ ನಿಲ್ಲಿಸದೆ ಬಿಟ್ಟಿದ್ದ ಕೆಲವು ನಿಮಿಷಗಳು. ಅದರಲ್ಲಿ ಯಾರೂ ಮಾತಾಡುವುದಿಲ್ಲ. ಕಲ್ಲು ತಿಕ್ಕುವ ಸದ್ದು, ಬೆರಳಿನ ಒಂದು ತಟ್ಟು, ತಲೆ ಸ್ವಲ್ಪ ವಾಲಿಸಿ ಅವರು ಕಾಯುವ ಒಂದು ಗಳಿಗೆ, ಮತ್ತೆ ಕಲ್ಲಿನ ಸದ್ದು. ಪ್ರತಿ ಸಲ ತಟ್ಟಿದಾಗಲೂ ನಾದ ಕೂದಲೆಳೆಯಷ್ಟು ಮೇಲೇರುವುದೋ ಇಳಿಯುವುದೋ ಮೊದಮೊದಲು ನನಗೆ ತಿಳಿಯಲಿಲ್ಲ. ಮೂರು ಬಾರಿ ಕೇಳಿದ ಮೇಲೆ ತಿಳಿಯತೊಡಗಿತು. ಮುಂದಿನ ತಿಂಗಳು ನಾವು ಅವರ ಬಳಿಗೆ ಮತ್ತೆ ಹೋಗುತ್ತಿದ್ದೇವೆ. ಒಂದು ಮೃದಂಗಕ್ಕೆ ಬೇಕಾದಷ್ಟೂ ಹೊತ್ತು ಕುಳಿತಿರಲು ಅವರು ಒಪ್ಪಿಗೆ ಕೊಟ್ಟಿದ್ದಾರೆ. ಪ್ರಶ್ನೆಗಳ ಪಟ್ಟಿಯನ್ನು ನಾನು ಒಯ್ಯುವುದಿಲ್ಲ.

ನಮಸ್ಕಾರ.